ಹಳೆಯದನ್ನೇ ಗುಡಿಸುವ ಪೊರಕೆ

“ಇನ್ನೊಂದು ಸಲ ಹಿಂದಕ್ಕೆ ತಗೊಂಡು ಹೋಗು ನೋಡೋಣ,” ಎಂದರು ಅತ್ತೆ.

ಸೊಸೆ ಕೀಬೋರ್ಡಿನಿಂದ ಕೈ ತೆಗೆದು ಬೆರಳಿನ ನೆಟಿಗೆ ಮುರಿದಳು. “ಬೆಳಗಿನಿಂದ ಇದೇ ಆಯ್ತಲ್ಲ ಅತ್ತೆ. ನಿಮಗೆ ಬೇಜಾರೇ ಆಗಲ್ವಾ?”

“ಬೇಜಾರಾ? ಕಳ್ಳತನ ಆದ ಕೋಣೇನ ಕಳ್ಳ ಬರೋಕೆ ಮುಂಚೆ ಹೇಗಿತ್ತೋ ಹಾಗೇ ಮಾಡಿ ಕೊಡ್ತಿದೀಯ. ಅದೂ ಕೇಳಿದಾಗೆಲ್ಲ. ನಾನು ನೌಕರಿಲಿದ್ದಾಗ ಇಂಥದ್ದೊಂದು ಇದ್ದಿದ್ರೆ ಈ ಕೂದಲು ಇಷ್ಟು ಬೇಗ ಬೆಳ್ಳಗಾಗ್ತಿರ್ಲಿಲ್ಲ ಕಣೇ.”

ಅತ್ತೆ ವಿಮಾ ಕಂಪನಿಯೊಂದರಲ್ಲಿ ಸುಳ್ಳು ಕ್ಲೇಮುಗಳ ಬೆನ್ನು ಹತ್ತಿ ಅರ್ಧ ಆಯುಷ್ಯ ಸವೆಸಿದವರು. ಸುಟ್ಟ ಗೋದಾಮಿರಲಿ, ಕಾಣೆಯಾದ ಲಾರಿಯಿರಲಿ, ಅವರು ಹೋಗಿ ನಿಲ್ಲುವಷ್ಟರಲ್ಲಿ ಯಾರೋ ಪುಣ್ಯಾತ್ಮರು ಗುಡಿಸಿ ಸಾರಿಸಿ ಮುಗಿಸಿರುತ್ತಿದ್ದರು. ನಿವೃತ್ತಿಯಾದ ಮೇಲೂ ಜನ ಅವರನ್ನು ಮನೆಯಲ್ಲಿ ಕೂರಲು ಬಿಟ್ಟಿಲ್ಲ. ಕಳೆದುಹೋದ ಬೆಕ್ಕಿನಿಂದ ಹಿಡಿದು ಕಳೆದುಹೋದ ಗಂಡನವರೆಗೆ ಎಲ್ಲದಕ್ಕೂ ಅವರೇ ಬೇಕು. ಸೊಸೆ ಕರೆಯುವುದನ್ನು ಕೇಳಿ ಕೇಳಿ ಈಗ ಬಡಾವಣೆಗೆಲ್ಲ ಅವರು ಅತ್ತೆಯೇ.

ಈ ಸಲ ಕರೆ ಬಂದದ್ದು ಮನೆಯೊಳಗಿನಿಂದ. ಬಡಾವಣೆಯ ಪುಟ್ಟ ರೇಡಿಯೋ ಕೇಂದ್ರದಲ್ಲಿ, ತೀರಿಕೊಂಡ ಹಿರಿಯ ನಿರೂಪಕರ ಧ್ವನಿಮುದ್ರಿಕೆಗಳು ದಿನಕ್ಕೊಂದರಂತೆ ಮಾಯವಾಗುತ್ತಿದ್ದವು. ಅವನ್ನು ಕಾಪಾಡುವ ತಂತ್ರಾಂಶ ಬರೆದವಳು ಸೊಸೆ. ಯಂತ್ರದ ಪಾಸ್‌ವರ್ಡ್ ಇದ್ದದ್ದು ಅವಳಿಗೆ ಮತ್ತು ಧ್ವನಿ ತಂತ್ರಜ್ಞ ಕಿವಿಯಣ್ಣನಿಗೆ. ಮಧ್ಯಾಹ್ನದ ಸಭೆಯೊಳಗೆ ನಿಜ ಹೊರಬೀಳದಿದ್ದರೆ ಕಿವಿಯಣ್ಣನನ್ನು ಕೆಲಸದಿಂದ ತೆಗೆಯುವುದೆಂದು ಮ್ಯಾನೇಜರ್ ಹೇಳಿಯಾಗಿತ್ತು. ಕೆಲಸ ಹೋದರೆ ಇನ್ನೊಂದನ್ನು ಹುಡುಕಿಕೊಂಡಾನು. ಸತ್ತವರ ದನಿ ಅಳಿಸಿದವನು ಎಂಬ ಹೆಸರನ್ನು ಎಲ್ಲಿ ಹೋಗಿ ತೊಳೆದುಕೊಳ್ಳಬೇಕು?

ಕಾರಣವನ್ನೂ ಮ್ಯಾನೇಜರ್ ಹುಡುಕಿಟ್ಟಿದ್ದರು. ನಿರೂಪಕರಿಗೂ ಕಿವಿಯಣ್ಣನಿಗೂ ದಿನಾ ಕಾಲು ಕೆರೆದು ಜಗಳವಾಗುತ್ತಿತ್ತಂತೆ. ಮೈಕು ಹತ್ತಿರವಾಯಿತು, ದೂರವಾಯಿತು, ಕೆಮ್ಮಿದಿರಿ, ಪುಟ ತಿರುವಿದ ಸದ್ದಾಯಿತು ಎಂದು.

ಕೇಂದ್ರದ ಆ ಹಿಂಗೋಣೆ ಚಿಕ್ಕದು. ಕಪಾಟಿನ ಕೆಳಹಲಗೆಯ ಮೇಲೆ ಕಪ್ಪು ಪೆಟ್ಟಿಗೆಯಂಥ ಯಂತ್ರ, ಗೋಡೆಗೆ ಒತ್ತಿದ ಮೇಜು, ಎರಡು ಕುರ್ಚಿ. ಕಿಟಕಿಯಾಚೆ ಸೈಕಲ್ ರಿಪೇರಿಯವನು ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ, ಗುಳ್ಳೆ ಎಲ್ಲಿ ಏಳುತ್ತದೆಂದು ಕಾಯುತ್ತಿದ್ದ. ಅತ್ತೆಗೆ ಅವನನ್ನು ನೋಡುವುದೆಂದರೆ ಖುಷಿ. ತನ್ನ ಕೆಲಸವೂ ಅದೇ ತಾನೆ ಎನ್ನಿಸುತ್ತಿತ್ತು ಅವರಿಗೆ.

ಯಂತ್ರದೊಳಗೆ ಸೊಸೆ ಕಂಟೇನರ್‌ಗಳನ್ನು ಮಾಡಿಟ್ಟಿದ್ದಳು. ಒಂದೇ ಕಟ್ಟಡದಲ್ಲಿ ಬೇರೆ ಬೇರೆ ಬಾಡಿಗೆ ಮನೆಗಳಿದ್ದ ಹಾಗೆ ಎಂದು ಅವಳು ಅತ್ತೆಗೆ ವಿವರಿಸಿದ್ದಳು. ಒಳಗಿನ ಪ್ರತಿ ಮನೆಯೂ ತಾನೇ ಒಂದು ಪೂರ್ತಿ ಕಂಪ್ಯೂಟರ್ ಎಂದುಕೊಂಡು ಸಂಸಾರ ಮಾಡುತ್ತದೆ. ಪಕ್ಕದ ಮನೆಯಲ್ಲಿ ಬೆಂಕಿ ಬಿದ್ದರೂ ಇದಕ್ಕೆ ಹೊಗೆ ತಟ್ಟುವುದಿಲ್ಲ. ‘ಅಸಲು’ ಎಂಬುದು ಕೇಂದ್ರದವರು ನಿತ್ಯ ಬಳಸುವ ಮನೆ. ‘ಪರೀಕ್ಷೆ’ ಎಂಬುದು ಸೊಸೆ ಹೊಸದೇನಾದರೂ ಬರೆದಾಗ ಕಟ್ಟಿ, ಓಡಿಸಿ, ಕೆಡಿಸಿ ನೋಡುವ ಮನೆ. ಕೆಟ್ಟರೂ ಚಿಂತೆಯಿಲ್ಲ. ಮೊದಲೇ ತೆಗೆದಿಟ್ಟ ಸ್ನ್ಯಾಪ್‌ಶಾಟ್‌ಗೆ ಹಿಂದಿರುಗಿದರೆ ಏನೂ ಆಗಿಯೇ ಇಲ್ಲವೆಂಬಂತೆ ಮನೆ ಮತ್ತೆ ನಿಂತಿರುತ್ತದೆ.

ಇವತ್ತು ಬೆಳಿಗ್ಗೆ ಅತ್ತೆಗಾಗಿಯೇ ಅಸಲಿನದೊಂದು ನಕಲು ಎದ್ದಿತ್ತು. ಅದಕ್ಕೆ ‘ನಾಟಕ’ ಎಂದು ಹೆಸರಿಟ್ಟವರೂ ಅತ್ತೆಯೇ.

“ಸರಿ, ಈಗ ನಾನು ಮ್ಯಾನೇಜರ್,” ಎಂದು ಅತ್ತೆ ಕೀಬೋರ್ಡ್ ತಮ್ಮೆಡೆಗೆ ಎಳೆದುಕೊಂಡರು. ಹುಬ್ಬು ಗಂಟಿಕ್ಕಿ, ಒಂದೇ ಬೆರಳಿನಲ್ಲಿ ಕುಟ್ಟಿ, ಕ್ಲಿಕ್ಕಿಸಬಾರದ್ದನ್ನೆಲ್ಲ ಕ್ಲಿಕ್ಕಿಸಿದರು. ಸೊಸೆ ನಗು ತಡೆಯಲಾರದೆ ಮುಖ ತಿರುಗಿಸಿದಳು. ಮ್ಯಾನೇಜರ್ ಆಯಿತು, ಕಿವಿಯಣ್ಣ ಆಯಿತು, ಕಸ ಹೊಡೆಯಲು ಬಂದವರು ಮೊಣಕೈ ತಾಗಿಸಿದ್ದೂ ಆಯಿತು. ಒಂದು ಮುದ್ರಿಕೆಯೂ ಮಾಯವಾಗಲಿಲ್ಲ.

“ತಂತ್ರಾಂಶದ ತಪ್ಪಿಲ್ಲ ಅಂತಾಯ್ತು,” ಎಂದು ಸೊಸೆ ಉಸಿರು ಬಿಟ್ಟಳು. ಅವಳ ಮುಖದಲ್ಲಿ ಸಮಾಧಾನ ಕಂಡರೂ ಅದು ಪೂರ್ತಿ ಇರಲಿಲ್ಲ. ತಂತ್ರಾಂಶದ್ದಲ್ಲ ಎಂದರೆ ಕಿವಿಯಣ್ಣನದೇ ಎಂದಾಗುತ್ತಿತ್ತು.

“ಅದಿರಲಿ. ಪ್ರತಿ ಸಲ ನಕಲು ಮಾಡಿದ ಕೂಡಲೇ, ಅದನ್ನ ಎಬ್ಬಿಸೋಕೆ ಮುಂಚೆ, ಏನೋ ಒಂದು ಸಾಲು ಟೈಪ್ ಮಾಡ್ತೀಯಲ್ಲ. ಅದೇನು?”

“ಅದಾ? ಬಾಗಿಲು ಕಿತ್ತು ಹಾಕೋದು.”

“ಯಾವ ಬಾಗಿಲು?”

“ಉಗ್ರಾಣದ್ದು. ಮುದ್ರಿಕೆಗಳು ಅಸಲಿನ ಒಳಗಿಲ್ಲ ಅತ್ತೆ. ತುಂಬ ದೊಡ್ಡವು, ಹಾಗಾಗಿ ಕಟ್ಟಡದ ಉಗ್ರಾಣದಲ್ಲಿ ಇಟ್ಟಿದೀನಿ. ಅಸಲಿನಿಂದ ಅಲ್ಲಿಗೊಂದು ಬಾಗಿಲಿದೆ. ಅಸಲನ್ನ ನಕಲು ಮಾಡಿದ್ರೆ ಬಾಗಿಲೂ ಜೊತೆಗೇ ಬರುತ್ತೆ. ನಕಲಿನಲ್ಲಿ ನಾವು ಹುಚ್ಚಾಟ ಆಡಿದ್ರೆ ನಿಜವಾದ ಉಗ್ರಾಣಕ್ಕೇ ಪೆಟ್ಟು. ಅದಕ್ಕೇ ಮೊದಲು ಬಾಗಿಲು ತೆಗೆದು, ಸುಳ್ಳು ಉಗ್ರಾಣ ಕೊಡೋದು. ಕೈಗೆ ಅಭ್ಯಾಸ ಆಗಿಬಿಟ್ಟಿದೆ.”

ಕಳೆದುಹೋದವು ಸ್ನ್ಯಾಪ್‌ಶಾಟಿನಲ್ಲಿ ಯಾಕೆ ಸಿಗಲಿಲ್ಲ ಎಂಬುದು ಈಗ ಅತ್ತೆಗೆ ಸರಿಯಾಗಿ ಅರ್ಥವಾಯಿತು. ಸ್ನ್ಯಾಪ್‌ಶಾಟ್ ಮನೆಯದ್ದು, ಉಗ್ರಾಣದ್ದಲ್ಲ. ಉಗ್ರಾಣಕ್ಕೆ ಬೇರೆ ಡಿಸ್ಕೊಂದರಲ್ಲಿ ಪ್ರತಿಯಿತ್ತು ನಿಜ. ಆದರೆ ಆ ಡಿಸ್ಕು ಬಲು ವಿಧೇಯ. ಇಲ್ಲಿ ಅಳಿಸಿದ್ದನ್ನು ಅಲ್ಲಿಯೂ ನಿಷ್ಠೆಯಿಂದ ಅಳಿಸುತ್ತ ಬಂದಿತ್ತು.

ಅತ್ತೆ ಚಹಾದ ಲೋಟ ಎತ್ತಿಕೊಂಡರು. ಚಹಾ ಆರುವ ಮುಂಚೆ ಯಾರ ಮೇಲೂ ಬೆರಳು ತೋರಿಸಬಾರದೆಂಬುದು ಅವರ ನೇಮ. ಇವತ್ತಿನದು ಇನ್ನೂ ಬೆಚ್ಚಗಿತ್ತು.

“ನೀನು ಪರೀಕ್ಷೆ ಹೇಗೆ ಮಾಡ್ತೀಯ? ಅದನ್ನೊಂದು ತೋರ್ಸು.”

ಸೊಸೆಗೆ ಇಂಥ ಪ್ರಶ್ನೆ ಕೇಳಿದರೆ ಹಬ್ಬ. ಪರೀಕ್ಷೆಯ ಮನೆ ತೆರೆದು ತೋರಿಸಿದಳು. ಕಂಪ್ಯೂಟರ್ ತಾನೇ ಒಂದು ಧ್ವನಿಯನ್ನು ಅಲ್ಲಿನ ಸುಳ್ಳು ಉಗ್ರಾಣದ ಖಾಲಿ ಭಂಡಾರಕ್ಕೆ ಸೇರಿಸಿತು. ಮನೆಯ ಕುಕ್ಕರಿನ ಸೀಟಿ ಅದು, ಸೊಸೆಯೇ ಮುದ್ರಿಸಿಕೊಂಡಿದ್ದಳು. ಆಮೇಲೆ ಅದನ್ನು ಹುಡುಕಿ, ನುಡಿಸಿ, ಎಲ್ಲ ಸರಿಯಿದೆಯೆಂದು ಹೇಳಿ, ಕೊನೆಗೆ ಅಳಿಸಿ ಭಂಡಾರವನ್ನು ಮತ್ತೆ ಖಾಲಿ ಮಾಡಿತು.

“ಈ ಕೊನೇದನ್ನ ನಾನು ಪೊರಕೆ ಅಂತೀನಿ,” ಎಂದಳು ಸೊಸೆ. “ನಾಳೆಗೆ ಕಸ ಉಳೀಬಾರ್ದಲ್ಲ.”

“ಪೊರಕೆಗೆ ಏನಂತ ಹೇಳಿದೀಯ? ಕುಕ್ಕರ್ ಸೀಟಿ ಅಳಿಸು ಅಂತಾನಾ?”

“ಇಲ್ಲ, ಭಂಡಾರದಲ್ಲಿ ಎಲ್ಲಕ್ಕಿಂತ ಹಳೇದು ಯಾವುದಿದೆಯೋ ಅದನ್ನ ಅಳಿಸು ಅಂತ. ಒಳಗಿರೋದು ಒಂದೇ ಅಲ್ವಾ, ಅದೇ ಹಳೇದು.”

ಅತ್ತೆ ಲೋಟ ಕೆಳಗಿಟ್ಟರು.

“ಮಾಯವಾದ ಮುದ್ರಿಕೆಗಳು ಯಾವ ಕ್ರಮದಲ್ಲಿ ಹೋದ್ವು ಕಣಮ್ಮ?”

“ಹಳೇದರಿಂದ...” ಎಂದವಳು ಅಲ್ಲಿಗೇ ನಿಲ್ಲಿಸಿದಳು. “ಅಯ್ಯೋ. ಅವರದ್ದೇ ಎಲ್ಲಕ್ಕಿಂತ ಹಳೇ ಮುದ್ರಿಕೆಗಳು. ಅವರ ಮೇಲಿನ ದ್ವೇಷ ಅಂದ್ಕೊಂಡಿದ್ವಿ. ಅತ್ತೆ, ಅಳಿಸಿದ್ದು ನನ್ನ ಪೊರಕೇನಾ?”

“ಗಾಬರಿ ಆಗ್ಬೇಡ. ನಿನ್ನ ಪರೀಕ್ಷೆಯ ಮನೆಗೆ ಉಗ್ರಾಣದ ಬಾಗಿಲಿಲ್ಲವಲ್ಲ?”

“ಇಲ್ಲ. ಇಲ್ವೇ ಇಲ್ಲ.”

“ಅಸಲಿಗೆ ಬಾಗಿಲಿದೆ. ಅಲ್ಲಿ ಪೊರಕೆ ಓಡುತ್ತಾ?”

“ಓಡಬಾರ್ದು ಅಂತಾನೇ ಕಾವಲು ಇಟ್ಟಿದೀನಿ. ಪರೀಕ್ಷೆಯ ಸಾಮಾನು ಅಸಲಿನಲ್ಲೂ ಇದೆ, ಆದ್ರೆ ಅದು ಮೊದಲು ಮನೆ ಹೆಸರು ನೋಡುತ್ತೆ. ಅಸಲು ಅಂತಿದ್ರೆ ತೆಪ್ಪಗೆ ಮಲಗಿರುತ್ತೆ. ಬೇರೆ ಏನಿದ್ರೂ ದಿನಾ ಬೆಳಿಗ್ಗೆ ಎದ್ದು...” ಸೊಸೆಯ ದನಿ ತಗ್ಗಿತು. “ಎದ್ದು ಪರೀಕ್ಷೆ ನಡೆಸುತ್ತೆ.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಸಲಿನ ನಕಲು, ಬೇರೆ ಹೆಸರು, ಕೀಳದ ಬಾಗಿಲು. ಅಂಥದ್ದೊಂದು ಮನೆ ಈ ಕಪ್ಪು ಪೆಟ್ಟಿಗೆಯೊಳಗೆ ಎಲ್ಲೋ ಇರಲೇಬೇಕು.

“ನನ್ನ ಕಣ್ಣಿಗೆ ಬಿದ್ದಿಲ್ಲ,” ಎಂದಳು ಸೊಸೆ. “ಅಸಲು, ಪರೀಕ್ಷೆ, ಇವತ್ತಿನ ನಾಟಕ. ಅಷ್ಟೇ.”

“ನಿನ್ನ ಕಣ್ಣಿಗೆ ಎಲ್ಲಾನೂ ಬೀಳುತ್ತಾ?”

ಸೊಸೆ ದಿನಾ ನೋಡುತ್ತಿದ್ದದ್ದು ತನ್ನ ಅಂಗಳದ, ಎಂದರೆ ತನ್ನ ಖಾತೆಯ, ಮನೆಗಳನ್ನು ಮಾತ್ರ. ಹೋದ ವರ್ಷ ಯಾರಿಗೋ ಕಲಿಯಲೆಂದು ಬೇರೆಯದೇ ಒಂದು ಅಂಗಳ ಬೇಲಿ ಹಾಕಿ ಕೊಟ್ಟದ್ದು, ಆಮೇಲೆ ಅದನ್ನು ಮರೆತೇಬಿಟ್ಟದ್ದು ಈಗ ನೆನಪಾಯಿತು. ಎಲ್ಲ ಅಂಗಳಗಳನ್ನೂ ತೋರಿಸೆಂದು ಯಂತ್ರವನ್ನು ಕೇಳಿದಳು.

ಅಲ್ಲಿತ್ತು. ಹೆಸರು ‘ಗುಬ್ಬಚ್ಚಿ’. ಬಾಗಿಲು ಇದ್ದಂತೆಯೇ ಇತ್ತು. ಆ ದಿನ ಬೆಳಿಗ್ಗೆಯೂ ಪೊರಕೆ ಬಂದು ಹೋಗಿತ್ತು. ಉಗ್ರಾಣದ ತುದಿಯಲ್ಲಿ, ಯಾರೂ ಗಮನಿಸದೆ, ಕುಕ್ಕರ್ ಸೀಟಿಗಳು ಸಾಲಾಗಿ ಬಿದ್ದಿದ್ದವು.

“ಈ ಅಂಗಳ ಯಾರದು?” ಅತ್ತೆ ಕೇಳಿದರು, ಉತ್ತರ ಗೊತ್ತಿದ್ದರೂ.

“ಕಿವಿಯಣ್ಣಂದು.” ಸೊಸೆ ತಲೆಯ ಮೇಲೆ ಕೈ ಹೊತ್ತು ಕೂತಳು. “ಅವರನ್ನ ಉಳಿಸೋಣ ಅಂತ ನಿಮ್ಮನ್ನ ಕರ್ಕೊಂಡು ಬಂದೆ. ನೋಡಿ, ಈಗ ನಾವೇ ಹಿಡಿದುಕೊಟ್ಟ ಹಾಗಾಯ್ತು.”

“ಮೊದಲು ಆ ಬಾಗಿಲು ಕೀಳು. ಆಮೇಲೆ ಅಳು,” ಎಂದರು ಅತ್ತೆ. ಸೊಸೆ ಕಿತ್ತಳು. ಅತ್ತೆ ಚಹಾ ಮುಟ್ಟಿ ನೋಡಿದರು. ಆರಿತ್ತು.

ಸ್ಟುಡಿಯೋದ ದಪ್ಪ ಬಾಗಿಲು ಮುಚ್ಚಿದರೆ ಹೊರಗಿನ ಪ್ರಪಂಚ ಬಾಯಿ ಮುಚ್ಚಿಕೊಳ್ಳುತ್ತದೆ. ಗೋಡೆಗೆಲ್ಲ ಬೂದು ಸ್ಪಂಜು, ನಡುವೆ ಮೇಜು, ಮೇಜಿನ ಮೇಲೆ ಮೈಕು. ಕಿವಿಯಣ್ಣ ವೈರು ಸುತ್ತುತ್ತ ನಿಂತಿದ್ದ. ಆಳು ಎತ್ತರ, ದನಿ ಮಾತ್ರ ಸಣ್ಣದು. ಆ ದನಿಯ ಕಾರಣಕ್ಕೇ ನಿರೂಪಕರು ಅವನನ್ನು ಗುಬ್ಬಚ್ಚಿ ಎಂದು ಕರೆಯುತ್ತಿದ್ದರಂತೆ. ಅವನ ಕಿವಿಯ ಕಥೆ ಬೇರೆ. ಮೂರು ಕೋಣೆಯಾಚೆ ನಲ್ಲಿ ತೊಟ್ಟಿಕ್ಕಿದರೂ ಮುದ್ರಣ ನಿಲ್ಲಿಸಿಬಿಡುವ ಆಸಾಮಿ ಅವನು.

ಅತ್ತೆ ಹತ್ತಿರದ ಕುರ್ಚಿಯಲ್ಲಿ ಕೂತರು. ಕುರ್ಚಿ ಕಿರ್ ಎಂದು ಗೋಳಾಡಿತು. ಕಿವಿಯಣ್ಣ ಹಲ್ಲುನೋವು ಬಂದವನ ಹಾಗೆ ಮುಖ ಹಿಂಡಿದ.

“ಅದು ಬೇಡ ಅಮ್ಮ. ಈ ಮರದ್ದರಲ್ಲಿ ಕೂತ್ಕೊಳ್ಳಿ. ಅವರಿಗೂ ಅದರ ಮೇಲೇ ಪ್ರೀತಿ, ಬೆನ್ನಿಗೆ ಹಿತ ಅಂತ. ನಾನು ಬಿಡ್ತಿರ್ಲಿಲ್ಲ. ಮುದ್ರಣ ಅಂದ ತಕ್ಷಣ ಅದನ್ನ ಹೊರಗಿಟ್ಟು ಬರ್ತಿದ್ದೆ. ಅದಕ್ಕೇ ದಿನಾ ಜಗಳ. ನಾನಿದ್ದು ಮಾಡಿದ ಅವರ ಒಂದೇ ಒಂದು ಮುದ್ರಿಕೆಯಲ್ಲೂ ಕುರ್ಚಿ ಸದ್ದು ಸಿಗಲ್ಲ ನಿಮಗೆ.”

ಅತ್ತೆ ಕುರ್ಚಿ ಬದಲಿಸಿದರು. “ಗುಬ್ಬಚ್ಚಿ ಯಾರು ಕಟ್ಟಿದ ಗೂಡಪ್ಪ?”

ವೈರು ಸುತ್ತುವ ಕೈ ನಿಂತಿತು.

“ಕಿವಿಯಣ್ಣ, ನಂಗೆ ಹೇಳ್ಬಾರ್ದಿತ್ತಾ?” ಸೊಸೆ ಬಾಗಿಲಿಗೊರಗಿ ನಿಂತಲ್ಲಿಂದಲೇ ಕೇಳಿದಳು. ಅವಳ ದನಿಯಲ್ಲಿ ಸಿಟ್ಟಿಗಿಂತ ಬೇಸರವೇ ಹೆಚ್ಚಿತ್ತು.

“ಹೇಳ್ಬೇಕು ಅಂತಾನೇ ಇದ್ದೆ ತಂಗಿ. ಪೂರ್ತಿ ಆದ್ಮೇಲೆ.”

“ಏನು ಪೂರ್ತಿ ಆದ್ಮೇಲೆ?” ಅತ್ತೆ ಬಿಡಲಿಲ್ಲ. “ಸಭೆ ಹೊತ್ತಾಯ್ತು. ನಿನ್ನ ಮೇಲೆ ಊರೆಲ್ಲ ಗೂಬೆ ಕೂರಿಸ್ತಿದೆ. ನೀನು ಬಾಯಿಗೆ ಬೀಗ ಹಾಕ್ಕೊಂಡು ವೈರು ಸುತ್ತುತಾ ಇದ್ದೀಯ. ತಪ್ಪು ಮಾಡಿದವರು ಜೋರಾಗಿ ವಾದ ಮಾಡ್ತಾರೆ, ನಾನು ಕಂಡಿದೀನಿ. ಹೀಗೆ ಸುಮ್ಮನಿರೋರು ಏನನ್ನೋ ಬಚ್ಚಿಟ್ಟಿರ್ತಾರೆ.”

“ನಾನು ಏನನ್ನೂ ಅಳಿಸಿಲ್ಲ ಅಮ್ಮ. ನನ್ನ ಮಕ್ಕಳಾಣೆ.”

“ಆಣೆ ಬೇಡ. ಗುಬ್ಬಚ್ಚಿ ಯಾಕೆ?”

ಅವನು ಕೂತ. ಆ ಎತ್ತರದ ಮನುಷ್ಯ ಕೂತದ್ದು ಮಡಚಿದ ಏಣಿಯಂತಿತ್ತು. “ಟೀಚರಮ್ಮನಿಗೋಸ್ಕರ,” ಎಂದ.

ಟೀಚರಮ್ಮ ಎಂದರೆ ತೀರಿಕೊಂಡ ನಿರೂಪಕರ ಹೆಂಡತಿ, ಬಡಾವಣೆಯ ಶಾಲೆಯಲ್ಲಿ ಪಾಠ ಹೇಳಿದವರು. ವಾರಕ್ಕೊಮ್ಮೆ ಕೇಂದ್ರಕ್ಕೆ ಬರುತ್ತಾರೆ. ಕಿವಿಯಣ್ಣ ಅವರನ್ನು ಹಿಂಗೋಣೆಯಲ್ಲಿ ಕೂರಿಸಿ, ಭಂಡಾರ ತೆರೆದು, ಹೆಡ್‌ಫೋನ್ ಕೊಟ್ಟು, ತಾನು ಹೊರಗೆ ಹೋಗಿ ಬಾಗಿಲೆಳೆದುಕೊಳ್ಳುತ್ತಾನೆ. ಗಂಡನ ದನಿ ಕೇಳುವಾಗ ಹೆಂಡತಿಗೆ ಏಕಾಂತ ಬೇಕೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

“ಹಳೇ ಮುದ್ರಿಕೆಗಳಲ್ಲಿ ಬರೀ ಕರಕರ ಸದ್ದು,” ಎಂದ ಕಿವಿಯಣ್ಣ. “ಟೇಪಿನಿಂದ ತೆಗೆದಿದ್ದಲ್ವಾ. ಟೀಚರಮ್ಮ ಹೆಡ್‌ಫೋನನ್ನ ಎರಡು ಕೈಲೂ ಕಿವಿಗೆ ಒತ್ಕೊಂಡು ಕೇಳ್ತಿದ್ರು. ನೋಡೋಕಾಗ್ಲಿಲ್ಲ. ಒಂದೊಂದಾಗಿ ಶುದ್ಧ ಮಾಡಿ, ಎಲ್ಲ ಮುಗಿದ ದಿನ ಅವರ ಕೈಗಿಡೋಣ ಅಂದ್ಕೊಂಡೆ. ಆದ್ರೆ ನಾನು ಕಲಿಯೋ ಹುಡುಗ ಇದ್ದ ಹಾಗೆ. ಕೈ ತಪ್ಪಿ ಮೂಲಕ್ಕೆ ಏಟಾದ್ರೆ? ‘ಕಿವಿಯಣ್ಣ, ಏನೇ ಮಾಡೋದಿದ್ರೂ ನಕಲಿನಲ್ಲಿ ಮಾಡಿ, ಅಸಲನ್ನ ಮುಟ್ಟಬೇಡಿ’ ಅಂತ ಹೇಳ್ಕೊಟ್ಟೋಳು ನೀನೇ ತಾನೆ ತಂಗಿ? ಅದಕ್ಕೇ ನಕಲು ಮಾಡ್ಕೊಂಡೆ. ಅಸಲಿಗೆ ಕೈ ಕೂಡ ತಾಗಿಸಿಲ್ಲ.”

ಸೊಸೆ ಎಚ್ಚರಿಕೆಯಿಂದ ಇಟ್ಟ ಕಾವಲು, ಅವನು ಎಚ್ಚರಿಕೆಯಿಂದ ಮಾಡಿಕೊಂಡ ನಕಲು. ಎರಡು ಜಾಗರೂಕತೆಗಳು ಸೇರಿ ಮಾಡಿದ ಕಳ್ಳತನ ಇದು. ನಕಲಾದ ಮೇಲೆ ಬಾಗಿಲು ಕೀಳಬೇಕೆಂಬುದನ್ನು ಮಾತ್ರ ಅವಳು ಅವನಿಗೆ ಹೇಳಿಯೇ ಇರಲಿಲ್ಲ. ತನ್ನ ಕೈಗೆ ಅಭ್ಯಾಸವಾದದ್ದು ಬಾಯಿಗೆ ಬಂದಿರಲಿಲ್ಲ.

ವಿಷಯ ತಿಳಿಸಿದಾಗ ಕಿವಿಯಣ್ಣ ಸುತ್ತಿದ ವೈರನ್ನು ಮೇಜಿನ ಮೇಲಿಟ್ಟ. “ಹಾಗಾದ್ರೆ ಅಳಿಸಿದ್ದು ನಾನೇ,” ಎಂದ. ಆ ಸಣ್ಣ ದನಿ ಇನ್ನೂ ಸಣ್ಣದಾಗಿತ್ತು.

“ಶುದ್ಧ ಮಾಡಿದ್ದನ್ನ ಎಲ್ಲಿ ಇಡ್ತಿದ್ದೆ?” ಎಂದು ಕೇಳಿದರು ಅತ್ತೆ, ಏನಾದರೂ ಕೇಳಬೇಕೆಂದು.

“ಗುಬ್ಬಚ್ಚಿ ಒಳಗೇ. ಉಗ್ರಾಣಕ್ಕೆ ಸೇರಿಸಿದ್ರೆ ತಂಗಿಗೆ ಗೊತ್ತಾಗಿಬಿಡುತ್ತೆ ಅಂತ...”

ಅವನ ಮಾತು ಮುಗಿಯುವಷ್ಟರಲ್ಲಿ ಸೊಸೆ ಹಿಂಗೋಣೆಯತ್ತ ಓಡಿಯಾಗಿತ್ತು.

ಅತ್ತೆ ಮೊಣಕಾಲು ಹಿಡಿದುಕೊಂಡು ಹಿಂದೆ ಬರುವ ಹೊತ್ತಿಗೆ ಕೋಣೆಯಲ್ಲಿ ಒಂದು ಗಂಡಸಿನ ದನಿ ತುಂಬಿಕೊಂಡಿತ್ತು. ಗಟ್ಟಿ, ಬೆಚ್ಚನೆಯ, ಆತುರವಿಲ್ಲದ ದನಿ. ಕೇಳುಗರಿಗೆ ಶುಭೋದಯ ಹೇಳಿ, ಹೊರಗೆ ಮೋಡವಿದೆ, ಬಟ್ಟೆ ಒಣಹಾಕುವವರು ಯೋಚನೆ ಮಾಡಿ ಹಾಕಿ ಎನ್ನುತ್ತಿತ್ತು. ಕರಕರ ಎಳ್ಳಷ್ಟೂ ಇರಲಿಲ್ಲ. ಅವರು ಎಂಜಲು ನುಂಗಿದ್ದೂ ಕೇಳುತ್ತಿತ್ತು.

“ಇವೆ ಅತ್ತೆ! ಪೊರಕೆ ಬರೋಕೆ ಮುಂಚೇನೇ ಒಂದೊಂದನ್ನೂ ಶುದ್ಧ ಮಾಡಿ ಇಟ್ಕೊಂಡಿದಾರೆ. ಹಳೇದರಿಂದಲೇ ಶುರು ಮಾಡಿದಾರೆ ಪುಣ್ಯಕ್ಕೆ.” ಸೊಸೆ ಅಳುತ್ತಿದ್ದಳೋ ನಗುತ್ತಿದ್ದಳೋ ಹೇಳುವುದು ಕಷ್ಟ. ಎದ್ದು ಬಂದು ಕಿವಿಯಣ್ಣನ ಎರಡೂ ಕೈ ಹಿಡಿದು ಅಲುಗಾಡಿಸಿದಳು.

ಕಿಟಕಿಯಾಚೆ ಸೈಕಲ್ಲಿನವನು ಟ್ಯೂಬಿಗೆ ತೇಪೆ ಒತ್ತಿ ಹಿಡಿದಿದ್ದ. ಅತ್ತೆಗೆ ಹಾಯೆನಿಸಿತು. ಕಳ್ಳನೇ ಇಲ್ಲದ ಕಳ್ಳತನ, ಕಳೆದದ್ದೂ ಸಿಕ್ಕಿತು, ಒಬ್ಬ ಒಳ್ಳೆಯ ಮನುಷ್ಯನ ಹೆಸರೂ ಉಳಿಯಿತು. ಇಂಥ ದಿನಗಳು ಅವರ ನೌಕರಿಯಲ್ಲಿ ಎಷ್ಟು ಬಂದಿದ್ದವು ಹೇಳಿ! ಇನ್ನೊಂದು ಲೋಟ ಚಹಾ ಹೇಳಿದರು, ಸಕ್ಕರೆ ಮುಂದಾಗಿ.

ಚಹಾದ ಹಿಂದೆಯೇ ಮ್ಯಾನೇಜರ್ ಬಂದರು. ಅವರ ಹಿಂದೆ, ನೀಲಿ ಸೀರೆಯಲ್ಲಿ, ಕೈಚೀಲ ಎದೆಗೆ ಅವುಚಿಕೊಂಡು ಟೀಚರಮ್ಮ.

ಕಿವಿಯಣ್ಣ ಕುರ್ಚಿ ಎಳೆದು ಅವರನ್ನು ಕೂರಿಸಿದ. ಹೆಡ್‌ಫೋನನ್ನು ತನ್ನ ಅಂಗಿಯಿಂದ ಒರೆಸಿ ಅವರ ಕಿವಿಗೆ ಇಟ್ಟ. ಟೀಚರಮ್ಮನ ಎರಡೂ ಕೈಗಳು ಅಭ್ಯಾಸದಂತೆ ಕಿವಿಯತ್ತ ಏರಿದವು. ಅರ್ಧಕ್ಕೇ ನಿಂತವು. 

ಒತ್ತಬೇಕಾದ ಅಗತ್ಯವಿರಲಿಲ್ಲ. ಕೈಗಳು ಮೆಲ್ಲಗೆ ತೊಡೆಯ ಮೇಲೆ ಬಂದು ಕೂತವು. ಅವರು ಕಣ್ಣು ಮುಚ್ಚಿಕೊಂಡರು.

ಅತ್ತೆ ದನಿ ತಗ್ಗಿಸಿ ಮ್ಯಾನೇಜರಿಗೆ ಎಲ್ಲವನ್ನೂ ವಿವರಿಸಿದರು. ಮನೆ, ನಕಲು, ಬಾಗಿಲು, ಪೊರಕೆ. ಮ್ಯಾನೇಜರ್ ಕೆಟ್ಟವರೇನಲ್ಲ. ತಲೆದೂಗುತ್ತ ಕೇಳಿದರು, ನಡುವೆ ಎರಡು ಸಲ ಕಿವಿಯಣ್ಣನತ್ತ ನೋಡಿ ಮುಖ ಹುಳ್ಳಗೆ ಮಾಡಿಕೊಂಡರು.

“ಬಹಳ ಸಂತೋಷ ಮೇಡಂ. ಸಭೆಯಲ್ಲಿ ನಾನೇ ಹೇಳ್ತೀನಿ. ಎಲ್ಲಾನೂ ಸಿಕ್ಕಿದ್ವಲ್ಲ?”

“ಎಲ್ಲಾ ಸಿಕ್ಕಿದ್ವು ಸರ್,” ಎಂದ ಸೊಸೆ ತೆರೆಯ ಮೇಲೆ ಕಣ್ಣಾಡಿಸುತ್ತ ತಡೆದಳು. “ಒಂದು ಬಿಟ್ಟು. ಕೊನೇ ಕಾರ್ಯಕ್ರಮ.”

ಆ ಕಾರ್ಯಕ್ರಮದ ವಿಷಯ ಎಲ್ಲರಿಗೂ ಗೊತ್ತಿತ್ತು. ಆಸ್ಪತ್ರೆ ಸೇರುವ ಹಿಂದಿನ ದಿನ ನಿರೂಪಕರು ಒಬ್ಬರೇ ಬಂದು, ಸ್ಟುಡಿಯೋದಲ್ಲಿ ಕೂತು ಮಾತಾಡಿ, ತಾವೇ ಭಂಡಾರಕ್ಕೆ ಸೇರಿಸಿ ಹೋಗಿದ್ದರು. ಕಿವಿಯಣ್ಣ ಆ ದಿನ ರಜೆಯಲ್ಲಿದ್ದ. ಅದು ಪ್ರಸಾರವಾಗಲೇ ಇಲ್ಲ, ಯಾರೂ ಕೇಳಿಲ್ಲ. ನೀವಾದರೂ ಕೇಳಿದ್ದೀರಾ ಎಂದು ಮೊನ್ನೆ ಅತ್ತೆ ವಿಚಾರಿಸಿದಾಗ ಟೀಚರಮ್ಮ ಕೂಡ, “ಇಲ್ಲಮ್ಮ, ಧೈರ್ಯ ಬರ್ಲಿಲ್ಲ” ಎಂದಿದ್ದರು.

“ಅದು ನಾನು ನಕಲು ಮಾಡೋ ಹೊತ್ತಿಗೇ ಇರ್ಲಿಲ್ಲ,” ಎಂದ ಕಿವಿಯಣ್ಣ. “ಅವರು ಸೇರಿಸೋದು ಮರೆತ್ರೇನೋ ಅಂದ್ಕೊಂಡಿದ್ದೆ.”

“ಇತ್ತು. ಅವರು ಹೋದ್ಮೇಲೆ ನಾನೇ ಭಂಡಾರದಲ್ಲಿ ನೋಡಿದೀನಿ,” ಎಂದಳು ಸೊಸೆ.

ಮ್ಯಾನೇಜರ್ ಕನ್ನಡಕ ಸರಿಮಾಡಿಕೊಂಡರು. “ಅದೂ ನಿಮ್ಮ ಪೊರಕೆಯ ಕೆಲಸವೇ ಇರಬೇಕು.”

ಹೌದು ಎಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅತ್ತೆಗೆ ಒಂದು ಕ್ಷಣ ಸೊಸೆ ಹಾಗೆನ್ನಲಿ ಎನ್ನಿಸಿದ್ದೂ ಉಂಟು. ಆದರೆ ಅವಳು ತನ್ನ ಕೆಲಸದ ವಿಷಯದಲ್ಲಿ ಸುಳ್ಳು ಹೇಳುವವಳಲ್ಲ.

“ಅಲ್ಲ ಸರ್. ಪೊರಕೆ ಹಳೇದನ್ನ ಮಾತ್ರ ಗುಡಿಸುತ್ತೆ. ಇದು ಅವರ ಮುದ್ರಿಕೆಗಳಲ್ಲೆಲ್ಲ ಹೊಸದು.”

“ಅಂದ್ರೆ ಇದನ್ನ ಯಾರೋ ಕೈಯಾರೆ ಅಳಿಸಿದಾರೆ.” ಮ್ಯಾನೇಜರರ ದನಿಯಲ್ಲಿದ್ದ ಸಂತೋಷ ಆರಿಹೋಯಿತು. “ಮತ್ತೆ ಅಲ್ಲಿಗೇ ಬಂದ್ವಲ್ಲ ಮೇಡಂ. ಪಾಸ್‌ವರ್ಡ್ ಇರೋದು ಇಬ್ಬರಿಗೆ.”

ಅಷ್ಟರಲ್ಲಿ ಟೀಚರಮ್ಮ ಹೆಡ್‌ಫೋನ್ ತೆಗೆದು ಕತ್ತಿಗೆ ಇಳಿಸಿಕೊಂಡರು. ಕೆನ್ನೆ ಒದ್ದೆಯಾಗಿತ್ತು, ಮುಖ ಮಾತ್ರ ಅರಳಿತ್ತು. ಇವರ ಮಾತು ಅವರಿಗೆ ಕೇಳಿಸಿರಲಿಲ್ಲ.

“ಹೊಟ್ಟೆಗೆ ಹಾಲು ಹೊಯ್ದ ಹಾಗಾಯ್ತಪ್ಪ,” ಎಂದರು ಕಿವಿಯಣ್ಣನಿಗೆ. “ಪಕ್ಕದಲ್ಲೇ ಕೂತು ಮಾತಾಡ್ದಂಗಿದೆ. ಏನು ನಗು ಅವರದ್ದು! ಆ ಹಾಳು ಕುರ್ಚಿ ಕಿರ್ ಅಂದಾಗ್ಲೂ ಹಿಂಗೇ ನಕ್ಕಿದ್ರು ನೋಡು. ‘ಕ್ಷಮಿಸಿ, ಸದ್ದು ಮಾಡಿದ್ದು ಕುರ್ಚಿ, ನನ್ನ ಮೊಣಕಾಲಲ್ಲ. ಇವತ್ತು ನಮ್ಮ ಗುಬ್ಬಚ್ಚಿ ರಜೆ, ಬೈಯೋರಿಲ್ಲ’ ಅಂತ ಮೈಕಿನಲ್ಲೇ ಹೇಳ್ಬಿಡೋದಾ?”

ಮ್ಯಾನೇಜರ್ ನಕ್ಕರು. ಸೊಸೆಯೂ ನಕ್ಕಳು.

ಅತ್ತೆಯ ಕೈಯಲ್ಲಿದ್ದ ಚಹಾದ ಲೋಟ ತುಟಿಯ ಹತ್ತಿರವೇ ನಿಂತಿತು. ಕುರ್ಚಿಯ ಸದ್ದು ಇರುವ ಮುದ್ರಿಕೆ ಒಂದೇ ಒಂದು. ಕಿವಿಯಣ್ಣ ಇಲ್ಲದ ದಿನದ್ದು. ಯಾರೂ ಕೇಳಿಲ್ಲದ್ದು. ಪಾಸ್‌ವರ್ಡ್ ಇಲ್ಲದೆಯೂ ತೆರೆದ ಭಂಡಾರದ ಮುಂದೆ ವಾರಕ್ಕೊಮ್ಮೆ ಒಂಟಿಯಾಗಿ ಕೂರುವವರು ಒಬ್ಬರಿದ್ದರು.

ಇನ್ನೂ ಒಬ್ಬರು ನಗಲಿಲ್ಲ. ಅತ್ತೆ ಕಿವಿಯಣ್ಣನತ್ತ ತಿರುಗಿದರು. ಮೂರು ಕೋಣೆಯಾಚೆಯ ನಲ್ಲಿಯನ್ನು ಕೇಳಿಸಿಕೊಳ್ಳುವ ಆ ಕಿವಿಗೆ ಇದು ತಪ್ಪಿ ಹೋಗುವುದುಂಟೇ? ಅವನು ಟೀಚರಮ್ಮನನ್ನು ನೋಡಿದ, ಅವರು ಮತ್ತೆ ಎದೆಗೆ ಅವುಚಿಕೊಂಡಿದ್ದ ಕೈಚೀಲವನ್ನು ನೋಡಿದ. ಆಮೇಲೆ ಅತ್ತೆಯನ್ನು ನೋಡಿ, ಬೇಡ ಎಂಬಂತೆ, ಕಂಡೂ ಕಾಣದಷ್ಟು ತಲೆಯಾಡಿಸಿದ.

“ಹೇಳಿ ಮೇಡಂ,” ಮ್ಯಾನೇಜರ್ ಗಡಿಯಾರ ನೋಡಿಕೊಂಡರು. “ಸಭೆಗೆ ಏನು ಹೇಳ್ಲಿ? ಕೊನೇದನ್ನ ಅಳಿಸಿದ ಕೈ ಯಾರದು?”

ಅತ್ತೆ ಬಾಯಿ ತೆರೆದರು. ಒಂದೇ ಮಾತು ಸಾಕಿತ್ತು, ಕಿವಿಯಣ್ಣ ಉಳಿಯುತ್ತಿದ್ದ. ಲೋಟದ ಚಹಾ ಇನ್ನೂ ಸುಡುತ್ತಿತ್ತು.

“ನಂದು ಸರ್,” ಎಂದ ಕಿವಿಯಣ್ಣ. ಆ ಸಣ್ಣ ದನಿ ಕೋಣೆಯ ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸಿತು. “ಕೊನೇದನ್ನ ಅಳಿಸಿದ್ದು ನಾನೇ.”

ಟೀಚರಮ್ಮನ ಮುಖದ ನಗು ಇಳಿಯಿತು. ಅವರು ಕೈಚೀಲದ ಜಿಪ್ಪನ್ನು ಕೊನೆಯವರೆಗೂ ಎಳೆದು, ಅದರ ಮೇಲೆ ಎರಡೂ ಕೈಯಿಟ್ಟುಕೊಂಡು ಕೂತರು.